ಎಂಟು ಹುಣಸೆ ಬೀಜ

ಮೂರು ದಿನದಿಂದ ಸಂಕಣ್ಣನ ಗಂಟಲಲ್ಲಿ ತುತ್ತು ಇಳಿದಿರಲಿಲ್ಲ.

ಹೊಳೆದಂಡೆಯ ಮಠಕ್ಕೆ ಲೆಕ್ಕ ಕಲಿಯಲು ಬಂದು ಅವನಿಗೆ ಹನ್ನೊಂದು ವರ್ಷವಾಗಿತ್ತು. ವಯಸ್ಸು ಮೂವತ್ತು ದಾಟಿತ್ತು. ನಿಂತ ಪೈರು ನೋಡಿ ರಾಶಿ ಎಷ್ಟಾದೀತು ಎಂದು ಹೇಳಬಲ್ಲ. ಕೆರೆಯ ಅಂಚು ನೋಡಿ ನೀರು ಎಷ್ಟು ದಿನ ಬಂದೀತು ಎಂದು ಹೇಳಬಲ್ಲ. ಆದರೆ ಈ ಸಲ ಬಂದ ಕೆಲಸ ಅಂಥದ್ದಲ್ಲ.

ಸುಂಕದ ಹೆಗ್ಗಡೆ ಕಾಳಿಂಗಯ್ಯ ಮಠಕ್ಕೆ ಹೇಳಿ ಕಳಿಸಿದ್ದ.

ಕೆರೆಯ ಏರಿ ಬಿರುಕು ಬಿಟ್ಟಿದೆ. ಕೂಲಿಗೆ ದಿನಕ್ಕೆ ನೂರೈವತ್ತು ಕಾಸು ಹೆಚ್ಚು ಬೇಕು. ದೋಣಿ ದಾಟುವವರಿಗೆ ಈಗ ತಲೆಗೆ ಒಂದು ಕಾಸು ಸುಂಕ. ಮುಂಗಾರು ಹಿಡಿದ ದಿನದಿಂದ ಅದನ್ನು ಎರಡು ಮಾಡುತ್ತೇವೆ. ಎಷ್ಟು ಬರುತ್ತದೆ, ಏನೇನಾಗುತ್ತದೆ, ಹುಣ್ಣಿಮೆಯೊಳಗೆ ಲೆಕ್ಕ ಹಾಕಿ ಹೇಳಿ.

ಮಠದ ಹಿರಿಯರನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಎಂಬತ್ತರ ಮುದುಕ. ಹೇಳಿಕೆ ಕೇಳಿದವರೇ ಸಂಕಣ್ಣನ ಕಡೆ ಬೆರಳು ಮಾಡಿದರು.

"ಈ ಸಲ ಇವನು ಹೇಳ್ತಾನೆ."

ಇದಕ್ಕೆ ಅಷ್ಟೊಂದು ಹೆದರೋದೇನು ಅಂತೀರಾ? ಹೆದರಬೇಕಾದ್ದೇ. ಎರಡು ವರ್ಷದ ಹಿಂದೆ ಪೇಟೆಯ ಲೆಕ್ಕಿಗನೊಬ್ಬ ಮಗ್ಗದ ಸುಂಕಕ್ಕೆ ಅಂದಾಜು ಕೊಟ್ಟಿದ್ದ. ಮಗ್ಗ ಎಣಿಸಿದ, ಸುಂಕದಿಂದ ಗುಣಿಸಿದ, ಕೈ ತೊಳೆದುಕೊಂಡ. ಸುಂಕ ಬಿದ್ದ ತಿಂಗಳಿಗೇ ನೇಕಾರರು ಮಗ್ಗ ಬಿಚ್ಚಿ ಗಾಡಿಗೆ ಹೇರಿಕೊಂಡು ಗಡಿ ದಾಟಿದರು. ಹೇಳಿದ್ದರಲ್ಲಿ ಬಂದದ್ದು ಕಾಲುಭಾಗ.

ಹೆಗ್ಗಡೆ ಆ ಲೆಕ್ಕಿಗನನ್ನು ಎಣ್ಣೆಯ ಗಾಣಕ್ಕೆ ಎತ್ತಿನ ಜಾಗದಲ್ಲಿ ಕಟ್ಟಿಸಿದ. ಒಂದು ತಿಂಗಳು. ಈಗಲೂ ಆ ಮನುಷ್ಯ ಬೀದಿಯಲ್ಲಿ ನಡೆಯುವಾಗ ತನಗೇ ಗೊತ್ತಿಲ್ಲದೆ ಎಡಕ್ಕೆ ಎಡಕ್ಕೆ ತಿರುಗುತ್ತಾನಂತೆ.

ಸಂಕಣ್ಣ ಅವನನ್ನು ಒಮ್ಮೆ ಕಣ್ಣಾರೆ ನೋಡಿದ್ದ. ಅಂದಿನಿಂದ ಎಲ್ಲೇ ಗಾಣ ಕಿರುಗುಟ್ಟಿದರೂ ಅವನು ದಾರಿ ಬದಲಿಸಿ ನಡೆಯುತ್ತಿದ್ದ.

ಮಠದ ಹಿಂದೆ ಹೊಂಗೆ ಮರದ ಕೆಳಗೆ ಮರಳು ತುಂಬಿದ ಒಂದು ಕಟ್ಟೆಯಿತ್ತು. ಯಾವುದೇ ಸುಂಕ ಊರಿನ ಮೇಲೆ ಬೀಳುವ ಮುಂಚೆ ಈ ಮರಳ ಮೇಲೆ ಬೀಳಬೇಕು. ಮರಳಲ್ಲಿ ಹೊಳೆ ಗೀಚಬೇಕು, ಓಣಿ ಗೀಚಬೇಕು, ಆಳಿಗೊಂದು ಹುಣಸೆ ಬೀಜ ಇಟ್ಟು ನೋಡಬೇಕು. ಇನ್ನೂ ಒಂದು ಕ್ರಮವಿತ್ತು. ಕೊನೆಯಲ್ಲಿ ಬೀಜ ಎತ್ತಬೇಕಾದವನು ಲೆಕ್ಕಿಗನಲ್ಲ, ಸುಂಕ ತಂದವನು. ಅದನ್ನು ನಡೆಸದೆ ಬಹಳ ವರ್ಷಗಳಾಗಿದ್ದವು. ಹೆಗ್ಗಡೆಗಳಿಗೆ ಬಗ್ಗಲು ಪುರುಸೊತ್ತೆಲ್ಲಿ?

ಸಂಕಣ್ಣ ಮುನ್ನೂರು ಬೀಜ ಇಟ್ಟ. ದಿನಕ್ಕೆ ದಾಟುವವರು ಅಷ್ಟು. ಉಪ್ಪಿನ ಮೂಟೆಗಳಿಗೆಂದು ಮೂವತ್ತು ಕವಡೆ ಬೇರೆ ಇಟ್ಟ. ಆಮೇಲೆ ಅಜ್ಜಯ್ಯನವರನ್ನು ಕರೆದ.

"ಮುನ್ನೂರು ತಲೆ, ಎರಡೆರಡು ಕಾಸು. ಆರುನೂರು ಅಜ್ಜಯ್ಯಾ."

ಅಜ್ಜಯ್ಯ ಬಗ್ಗಿ ಒಂದು ಬೀಜ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೆ ಕಾಲೆಲ್ಲಿ?"

"ಬೀಜಕ್ಕೆ ಕಾಲಿರುತ್ತಾ ಅಜ್ಜಯ್ಯಾ?"

"ಮತ್ತೆ ನಿನ್ನ ದೋಣಿ ಹತ್ತಿದ್ದು ಹೇಗೆ?"

ಅಜ್ಜಯ್ಯ ಕೋಲೂರಿಕೊಂಡು ಅಡಿಗೆಮನೆಗೆ ಹೋದರು. ಅಡಿಗೆಯ ನಿಂಗವ್ವ ದಿನಾ ಮಠಕ್ಕೆ ಉಣ್ಣಲು ಬರುವ ಬಡವರಿಗೆ ಅಂಬಲಿ ಕಾಯಿಸುತ್ತಿದ್ದಳು.

"ನಿಂಗವ್ವ, ನಿನ್ನೆ ಎರಡನೇ ಸೌಟು ಹಾಕಿಸಿಕೊಂಡವರು ಎಷ್ಟು ಜನ?"

"ಇಪ್ಪತ್ತೆರಡು. ಹೊಟ್ಟೆಯೋ ಕಾಳು ತುಂಬೋ ಹಗೇವೋ ಈ ಜನಕ್ಕೆ."

"ಇವತ್ತು ಎರಡನೇ ಸೌಟು ಬೇಕಾದವರು ಒಂದು ಹೊರೆ ಸೌದೆ ತಂದು ಹಾಕಬೇಕು ಅಂತ ಹೇಳು." ಅಜ್ಜಯ್ಯ ಸಂಕಣ್ಣನ ಕಡೆ ತಿರುಗಿದರು. "ಸಂಜೆಗೆ ಎಷ್ಟು ಹೊರೆ?"

"ಇಪ್ಪತ್ತೆರಡು."

ಸಂಜೆ ಹಿತ್ತಲಲ್ಲಿ ಬಿದ್ದಿದ್ದದ್ದು ನಾಲ್ಕು ಹೊರೆ.

"ಉಳಿದವರು?" ಅಜ್ಜಯ್ಯ ಕೇಳಿದರು.

ನಿಂಗವ್ವನಿಗೆ ರೇಗಿಹೋಗಿತ್ತು. "ಉಳಿದವರಾ? ಆರು ಜನ ಮನೆಯಿಂದ ಬಿಂದಿಗೆಯಂಥ ಬಟ್ಟಲು ತಂದು ಮೊದಲನೇ ಸೌಟೇ ಎರಡರಷ್ಟು ಹಾಕಿಸಿಕೊಂಡರು. ಐವರು ಕಾಯಿ ಅತ್ತಿಹಣ್ಣು ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದ್ದಾರೆ. ಮಿಕ್ಕವರು ಅರೆಹೊಟ್ಟೆಯಲ್ಲಿ ಎದ್ದು ಹೋದರು. ದಿನಾ ಬರೋ ಒಬ್ಬ ಕುರುಡಜ್ಜ ಬೇಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಉಳಿದ ಅಂಬಲಿ ನಾಯಿಗೆ ಹಾಕಿದೆ. ನಿಮ್ಮ ಲೆಕ್ಕಕ್ಕೆ ಬೆಂಕಿ ಬೀಳ!"

ಸಂಕಣ್ಣನಿಗೆ ಈಗ ಹೊಳೆಯಿತು. ಮಗ್ಗ ಎಣಿಸಿದ ಲೆಕ್ಕಿಗನೂ ಇದನ್ನೇ ಮಾಡಿದ್ದ. ಸುಂಕ ಬಿದ್ದ ಮೇಲೂ ಜನ ನಿನ್ನೆ ಇದ್ದ ಹಾಗೇ ಇರುತ್ತಾರೆ ಎಂದುಕೊಂಡಿದ್ದ.

"ಜನರನ್ನೇ ಕೇಳಿಕೊಂಡು ಬರ್ತೀನಿ ಅಜ್ಜಯ್ಯಾ," ಎಂದ.

ಮರುದಿನ ದೋಣಿಕಟ್ಟೆಯಲ್ಲಿ ಕೂತು ಬಂದವರನ್ನೆಲ್ಲ ಕೇಳಿದ. ಸುಂಕ ಎರಡು ಕಾಸಾದರೆ ದೋಣಿಗೆ ಬರುತ್ತೀರಾ? ಎಲ್ಲರದ್ದೂ ಒಂದೇ ಉತ್ತರ. ಬರುತ್ತೇವೆ ಸ್ವಾಮಿ, ಯಾಕೆ ಬರುವುದಿಲ್ಲ, ಸಂತೋಷವಾಗಿ ಬರುತ್ತೇವೆ. ಒಬ್ಬ ಮುದುಕನಂತೂ ಕೈ ಮುಗಿದು, ಮೂರು ಮಾಡಿದರೂ ಬರುತ್ತೇನೆ ಎಂದ.

ಸಂಕಣ್ಣ ಹಗುರಾಗಿ ಮಠಕ್ಕೆ ಬಂದ. "ಅಜ್ಜಯ್ಯಾ, ಒಬ್ಬನೂ ಬಿಡೋದಿಲ್ಲವಂತೆ! ಆರುನೂರೇ ಸರಿ."

"ಕೊರಳಲ್ಲಿ ಏನದು?"

ಸಂಕಣ್ಣ ಕೊರಳು ಮುಟ್ಟಿ ನೋಡಿಕೊಂಡ. ಹೆಗ್ಗಡೆಯ ಮುದ್ರೆಯಿದ್ದ ತಾಮ್ರದ ಬಿಲ್ಲೆ. ದೋಣಿಕಟ್ಟೆಯ ಕಾವಲಿನವರು ತಡೆಯದಿರಲಿ ಎಂದು ಹಾಕಿಕೊಂಡು ಹೋಗಿದ್ದ.

"ನೀನು ಗಾಣಕ್ಕೆ ಹೆದರಿದ ಹಾಗೆ ಅವರು ಆ ಬಿಲ್ಲೆಗೆ ಹೆದರಿದರು," ಎಂದರು ಅಜ್ಜಯ್ಯ. "ನಾಳೆ ಅದನ್ನು ಇಲ್ಲಿಟ್ಟು ಹೋಗು. ಕಟ್ಟೆಗೂ ಹೋಗಬೇಡ. ಕಲ್ಲುಸಾಲಿಗೆ ಹೋಗು."

ಕಲ್ಲುಸಾಲು ದೋಣಿಕಟ್ಟೆಯಿಂದ ಒಂದು ಕೂಗಿನಷ್ಟು ಕೆಳಗೆ. ಹೊಳೆಗೆ ಅಡ್ಡಲಾಗಿ ಬಂಡೆಗಳ ಸಾಲು. ಬೇಸಿಗೆಯಲ್ಲಿ ದನಗಾಹಿಗಳು ಅದರ ಮೇಲೇ ದಾಟುತ್ತಾರೆ. ಮಳೆ ಹಿಡಿದ ಮೇಲೆ ಎರಡು ತಿಂಗಳು ಅಲ್ಲಿ ಸೊಂಟದ ನೀರು, ನಡುವೆ ಒಂದು ಕಡೆ ಬಂಡೆ ತಪ್ಪಿ ಸೆಳವು. ಆಮೇಲೆ ಸಾಲೇ ಮುಳುಗಿಹೋಗುತ್ತದೆ, ಯಾರೂ ಆಸೆಪಡುವುದಿಲ್ಲ. ಭಯವೆಲ್ಲ ಆ ಎರಡು ತಿಂಗಳದ್ದು.

ಅಲ್ಲಿ ಸಂಕಣ್ಣನಿಗೆ ಸಿಕ್ಕಿದ್ದು ಅವನ ಅಕ್ಕ ದ್ಯಾವವ್ವ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಯ ಮೇಲೆ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡು, ಒಂದು ಬಂಡೆಯಿಂದ ಇನ್ನೊಂದಕ್ಕೆ ಕಾಲು ಚಾಚಿ ನೋಡುತ್ತಿದ್ದಳು.

"ಅಕ್ಕಾ! ಏನು ಮಾಡ್ತಿದೀಯ?"

"ಅಯ್ಯೋ ನಿನ್ನ, ಹಾಗೆ ಕಿರುಚಬೇಡವೋ, ಕಾಲು ಜಾರೀತು. ಅಭ್ಯಾಸ ಮಾಡ್ತಿದೀನಿ."

"ಎಂಥ ಅಭ್ಯಾಸ?"

"ದೋಣಿಗೆ ಎರಡು ಕಾಸು ಮಾಡ್ತಾರಂತಲ್ಲ. ನನಗೆ ದಿನಕ್ಕೆ ಉಳಿಯೋದೇ ಮೂರು ಕಾಸು. ಒಂದು ಕಾಸಲ್ಲಿ ಮಕ್ಕಳಿಗೆ ಏನು ಹಾಕಲಿ, ನಿನ್ನ ಮಠದ ಬೂದಿನಾ?"

"ಪೇಟೆಗೆ ಎರಡು ದಿನಕ್ಕೊಮ್ಮೆ ಹೋಗು."

"ಎಲೆ ಕಾಯುತ್ತೇನೋ? ಒಂದು ದಿನ ಬಿಟ್ಟರೆ ಹಳದಿ ತಿರುಗುತ್ತೆ. ಹಳದಿ ಎಲೆ ಯಾರು ಕೊಳ್ತಾರೆ?"

"ನೀರು ಸೊಂಟಕ್ಕೆ ಬಂದರೆ?"

"ಬುಟ್ಟಿ ತಲೆ ಮೇಲಿರುತ್ತಲ್ಲ."

"ಅಕ್ಕಾ, ನಿನಗೆ ಹೆದರಿಕೆ ಆಗೋದಿಲ್ಲವಾ?"

ದ್ಯಾವವ್ವ ನಕ್ಕಳು. ಆ ನಗು ಅವಳ ಕಣ್ಣಿನವರೆಗೆ ಹೋಗಲಿಲ್ಲ.

"ಆಗುತ್ತೆ ಕಣೋ ತಮ್ಮಾ. ಆಗದೆ ಏನು? ಅದಕ್ಕೇ ನೀರು ಕಮ್ಮಿ ಇರುವಾಗಲೇ ಬಂಡೆ ಗುರುತು ಮಾಡಿಕೊಳ್ತಿದೀನಿ. ನನ್ನೊಬ್ಬಳನ್ನ ಏನು ಬೈತೀಯ, ನಮ್ಮ ಓಣಿಯಿಂದ ಏಳು ಜನ ಬರ್ತಾರೆ."

ಸಂಕಣ್ಣ ಅಲ್ಲಿಂದಲೇ ಹೊರಟು ಓಣಿ ಓಣಿ ತಿರುಗಿದ. ಕೊರಳಲ್ಲಿ ಬಿಲ್ಲೆ ಇರಲಿಲ್ಲವಾದ್ದರಿಂದ ಜನ ಬಾಯಿ ಬಿಟ್ಟರು. ಕೆಲವರು ಕೊಟ್ಟು ದಾಟುತ್ತೇವೆ ಎಂದರು. ಕೆಲವರು ಆಚೆ ದಡದ ಪೇಟೆಗೆ ಹೋಗುವುದನ್ನೇ ಬಿಡುತ್ತೇವೆ ಎಂದರು. ಕೆಲವರು ತಲೆ ತಗ್ಗಿಸಿ, ಕಲ್ಲುಸಾಲಿದೆಯಲ್ಲ ಎಂದರು.

ಕೊನೆಗೆ ಅಂಬಿಗ ಬೊಮ್ಮನ ಹತ್ತಿರ ಹೋದ. ಬೊಮ್ಮ ಮೂವತ್ತು ವರ್ಷದಿಂದ ದೋಣಿ ನಡೆಸುವವನು.

"ಬೊಮ್ಮಣ್ಣ, ಮಳೆಗಾಲದಲ್ಲಿ ಜನ ಕಲ್ಲುಸಾಲಲ್ಲಿ ದಾಟಿದ್ದು ಯಾವತ್ತಾದರೂ ಉಂಟಾ?"

"ಮೂರು ವರ್ಷದ ಹಿಂದೆ ದೋಣಿಯ ತಳ ಒಡೆದು ಹದಿನೈದು ದಿನ ಮಗುಚಿ ಹಾಕಿದ್ದೆ. ಆಗ ದಾಟಿದರು. ದಿನಕ್ಕೆ ಐವತ್ತು ಜನ ಇರಬೇಕು."

"ಎಲ್ಲರೂ ದಾಟಿದರಾ?"

ಬೊಮ್ಮ ಹುಟ್ಟನ್ನು ನೆಲಕ್ಕೂರಿದ. "ಇಬ್ಬರು ದಾಟಲಿಲ್ಲ. ಒಬ್ಬ ಎಮ್ಮೆ ವ್ಯಾಪಾರದವನು. ಇನ್ನೊಬ್ಬಳು ಬಳೆಗಾರ್ತಿ. ಅವಳ ಬುಟ್ಟಿ ಮಾತ್ರ ಮೂರು ಹರದಾರಿ ಕೆಳಗೆ ಸಿಕ್ಕಿತು. ಒಂದು ಬಳೆಯೂ ಒಡೆದಿರಲಿಲ್ಲ."

ಸಂಕಣ್ಣ ಮರಳ ಕಟ್ಟೆಗೆ ಬಂದು ಬೀಜಗಳನ್ನು ಮತ್ತೆ ಇಟ್ಟ. ಈ ಸಲ ಒಂದೊಂದು ಬೀಜ ಇಡುವಾಗಲೂ ಒಂದೊಂದು ಮುಖ ನೆನಪಾಗುತ್ತಿತ್ತು. ಇನ್ನೂರ ಹತ್ತು ಬೀಜ ದೋಣಿಗೆ. ನಲವತ್ತು ಮನೆಯಲ್ಲೇ. ಐವತ್ತು ಕಲ್ಲುಸಾಲಿಗೆ.

ಹದಿನೈದು ದಿನಕ್ಕೆ ಇಬ್ಬರು. ಸೊಂಟದ ನೀರು ಇರುವುದು ಅರವತ್ತು ದಿನ.

ಎಂಟು.

ಅವನು ಮೂರು ಸಲ ಲೆಕ್ಕ ಹಾಕಿದ. ಮೂರು ಸಲವೂ ಅಷ್ಟೇ ಬಂತು. ಐದೂ ಆಗಬಹುದು, ಹನ್ನೊಂದೂ ಆಗಬಹುದು. ಸೊನ್ನೆ ಮಾತ್ರ ಆಗುವ ಹಾಗೆ ಕಾಣಲಿಲ್ಲ. ಇದುವರೆಗೆ ಅವನು ಹೆದರಿದ್ದು ತನ್ನ ಬೆನ್ನಿಗಾಗಿ. ಈಗಿನ ಹೆದರಿಕೆಗೆ ಬೆನ್ನೂ ಇರಲಿಲ್ಲ, ಗಾಣವೂ ಇರಲಿಲ್ಲ, ಬರೀ ಹೊಳೆಯ ಸದ್ದಿತ್ತು.

ಓಡಿಹೋಗಿ ಅಜ್ಜಯ್ಯನವರ ಮುಂದೆ ಕೂತ.

"ಅಜ್ಜಯ್ಯಾ, ದೋಣಿ ಹತ್ತೋರು ಇನ್ನೂರ ಹತ್ತು. ಎರಡೆರಡು ಕಾಸಂದರೆ ನಾನೂರ ಇಪ್ಪತ್ತು. ಈಗ ಬರ್ತಿರೋದು ಮುನ್ನೂರು. ನೂರಿಪ್ಪತ್ತು ಹೆಚ್ಚೇ ಆಯ್ತು. ಹೆಗ್ಗಡೆ ಖಂಡಿತ ಸುಂಕ ಹಾಕ್ತಾನೆ."

"ಹೌದು."

"ನನ್ನಕ್ಕ ಆ ಐವತ್ತರಲ್ಲಿದ್ದಾಳೆ."

"ಹೌದು."

"ನಾನು ಇನ್ನೂರು ಅಂತ ಹೇಳ್ತೀನಿ. ಸುಂಕ ಏರಿಸಿದರೆ ನಷ್ಟ ಅಂತ ಹೇಳ್ತೀನಿ. ಆಗ ಹೆಗ್ಗಡೆ ಬಿಟ್ಟುಬಿಡ್ತಾನೆ. ಗಾಣಕ್ಕೆ ಕಟ್ಟಿದರೆ ಕಟ್ಟಲಿ!"

ಅಜ್ಜಯ್ಯ ಸಿಟ್ಟಾಗಲಿಲ್ಲ.

"ಏರಿಗೆ ದಿನಕ್ಕೆ ನೂರೈವತ್ತು ಬೇಕು ಅನ್ನೋದು ಹೆಗ್ಗಡೆಗೆ ಮರೆತುಹೋಗುತ್ತಾ?"

"ಇಲ್ಲ."

"ಎರಡು ಕಾಸಿಗೆ ಇನ್ನೂರೇ ಬರುತ್ತೆ ಅಂದರೆ ಅವನು ಏನು ಮಾಡ್ತಾನೆ?"

ಸಂಕಣ್ಣ ಬೆರಳು ಮಡಿಚಿ ಎಣಿಸಿದ.

"ನಾಲ್ಕು ಕಾಸು ಮಾಡ್ತಾನೆ," ಎಂದ ಪಿಸುದನಿಯಲ್ಲಿ.

"ಆಗ ಕಲ್ಲುಸಾಲಿಗೆ ಎಷ್ಟು ಬೀಜ ಇಡ್ತೀಯ?"

ಸಂಕಣ್ಣ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅಜ್ಜಯ್ಯ ತಡೆಯಲಿಲ್ಲ. ಅಳು ನಿಂತ ಮೇಲೆ ಎದ್ದು ಗೂಡಿನಿಂದ ಒಂದು ಉಪ್ಪಿನ ಹರಳು ತಂದು, ಕುಡಿಯುವ ನೀರಿನ ಚೆಂಬಿಗೆ ಹಾಕಿ, ಅವನ ಮುಂದಿಟ್ಟರು.

"ನೋಡ್ತಾ ಇರು," ಎಂದು ಹೇಳಿ ಮಲಗಲು ಹೋದರು.

ಹರಳು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಕಾಣದಾಯಿತು. ಸಂಕಣ್ಣ ಚೆಂಬನ್ನೇ ನೋಡುತ್ತ ಕೂತ. ಆಮೇಲೆ ದಿಗ್ಗನೆ ಎದ್ದು ಮರಳ ಕಟ್ಟೆಗೆ ಓಡಿದ. ಬದಿಗೆ ಇಟ್ಟು ಮರೆತೇಬಿಟ್ಟಿದ್ದ ಆ ಮೂವತ್ತು ಕವಡೆಗಳನ್ನು ಹುಡುಕಿದ.

ಹುಣ್ಣಿಮೆಯ ಬೆಳಿಗ್ಗೆ ಹೆಗ್ಗಡೆ ಕಾಳಿಂಗಯ್ಯ ಬಂದ. ಹಿಂದೆ ಇಬ್ಬರು ಆಳುಗಳು. ದಪ್ಪ ಮೀಸೆ, ಕೆಂಪು ರುಮಾಲು. ಆದರೆ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ದೊರೆಗೆ ಅವನೂ ಹೆದರುತ್ತಿದ್ದನೋ ಏನೋ, ಯಾರಿಗೆ ಗೊತ್ತು.

"ಏನಯ್ಯಾ ಲೆಕ್ಕಿಗಾ, ಆರುನೂರು ತಾನೇ?"

ಸಂಕಣ್ಣ ಅವನನ್ನು ಮರಳ ಕಟ್ಟೆಯ ಹತ್ತಿರ ಕರೆದುಕೊಂಡು ಹೋದ.

"ನಾನೂರ ಇಪ್ಪತ್ತು, ಒಡೆಯಾ. ಮುನ್ನೂರ ಎಂಬತ್ತಕ್ಕೆ ಇಳಿಯಬಹುದು, ನಾನೂರ ಅರವತ್ತಕ್ಕೆ ಏರಬಹುದು."

"ಬಹುದು ಬಹುದು ಅಂತ ಏನದು ರಾಗ? ಒಂದು ಮಾತು ಹೇಳು."

"ಒಂದೇ ಹೇಳಿದರೆ ನಿಮಗೆ ಹೆದರಿ ಹೇಳಿದ ಹಾಗಾಗುತ್ತೆ, ಒಡೆಯಾ."

ಆಳುಗಳು ಮುಖ ಮುಖ ನೋಡಿಕೊಂಡರು. ಹೆಗ್ಗಡೆಯ ಮೀಸೆ ಅಲುಗಿತು.

"ಸರಿ, ನಾನೂರ ಇಪ್ಪತ್ತೇ ಇರಲಿ. ಬೇಕಾದ್ದು ನಾನೂರ ಐವತ್ತು. ಮೂವತ್ತು ಕಾಸು ಬೇರೆ ಕಡೆಯಿಂದ ತುಂಬ್ತೀನಿ. ಡಂಗುರ ಸಾರಿಸ್ತೀನಿ."

"ಇನ್ನೊಂದು ಲೆಕ್ಕ ಇದೆ." ಸಂಕಣ್ಣ ಕಲ್ಲುಸಾಲಿನ ಮೇಲಿದ್ದ ಬೀಜಗಳನ್ನು ತೋರಿಸಿದ. "ದೋಣಿ ಬಿಟ್ಟು ಇಲ್ಲಿ ಇಳಿಯೋರು ದಿನಕ್ಕೆ ಐವತ್ತು ಜನ. ಎರಡು ತಿಂಗಳಲ್ಲಿ ಇವರಲ್ಲಿ ಎಂಟು ಜನ ಆಚೆ ದಡ ಮುಟ್ಟೋದಿಲ್ಲ. ಐದು ಇರಬಹುದು, ಹನ್ನೊಂದು ಇರಬಹುದು."

"ಯಾರ್‍ಯಾರು?"

"ಆ ಎಂಟು ಜನರ ಹೆಸರು ಗೊತ್ತಿಲ್ಲ, ಒಡೆಯಾ. ಈ ಐವತ್ತರಲ್ಲಿ ಯಾರಾದರೂ ಆಗಬಹುದು."

"ಹೆಸರೇ ಗೊತ್ತಿಲ್ಲದ ಮೇಲೆ ಅದು ಎಂಥ ಲೆಕ್ಕ?" ಹೆಗ್ಗಡೆ ಗದರಿದ. "ಕೇಳು ಇಲ್ಲಿ. ಏರಿ ಒಡೆದರೆ ಎಂಟಲ್ಲ, ಎಂಟು ಊರು ಹೋಗುತ್ತೆ. ಅದು ಗೊತ್ತಾ ನಿನಗೆ?"

ಆ ಮಾತು ಸುಳ್ಳಾಗಿರಲಿಲ್ಲ. ಸಂಕಣ್ಣ ತಲೆ ತಗ್ಗಿಸಿದ.

ಆಗ ಅಜ್ಜಯ್ಯ ಮಾತಾಡಿದರು. ಅಲ್ಲಿಯವರೆಗೆ ಅವರು ಹೊಂಗೆ ಮರಕ್ಕೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು.

"ಹೆಗ್ಗಡೆಯವರೇ, ಎಷ್ಟು ಅಂತ ಹೇಳೋದು ಲೆಕ್ಕಿಗನ ಕೆಲಸ. ಅವನು ಹೇಳಿದ. ಆ ಎಂಟು ಯಾರು ಅಂತ ಬೀಜ ಎತ್ತೋದು ಸುಂಕ ತಂದವರ ಕೆಲಸ. ಇದು ಈ ಕಟ್ಟೆಯ ಹಳೆಯ ಕ್ರಮ. ಎಂಟು ಬೀಜ ಎತ್ತಿ, ಆಮೇಲೆ ಡಂಗುರ ಸಾರಿಸಿ."

"ಅಷ್ಟೇ ತಾನೇ?" ಎಂದ ಹೆಗ್ಗಡೆ. ರುಮಾಲು ಸರಿಮಾಡಿಕೊಂಡು ಬಗ್ಗಿದ. ಒಂದು ಬೀಜ ಎತ್ತಿದ. ಎರಡನೆಯದು ಎತ್ತಿದ. ಮೂರನೆಯದರ ಮೇಲೆ ಬೆರಳಿಟ್ಟವನು ಯಾಕೋ ತಡೆದ.

"ಇದು ಯಾರು?"

"ಮೂರನೇ ಓಣಿ, ಒಡೆಯಾ. ನಿಮ್ಮ ತಾಯಿಯವರಿಗೆ ಮೊಸರು ತರೋ ಕಾಳವ್ವ."

ಹೆಗ್ಗಡೆ ಬೆರಳು ತೆಗೆದ. ಪಕ್ಕದ ಬೀಜ ಎತ್ತಿದ.

"ಇದು?"

ಸಂಕಣ್ಣ ಸುಳ್ಳು ಹೇಳಬಹುದಿತ್ತು. ಬೇರೆ ಯಾರದ್ದೋ ಹೆಸರು ಹೇಳಬಹುದಿತ್ತು.

"ವೀಳ್ಯದೆಲೆ ಮಾರೋ ದ್ಯಾವವ್ವ. ನನ್ನಕ್ಕ."

ಹೆಗ್ಗಡೆಯ ಅಂಗೈಯಲ್ಲಿ ಮೂರು ಹುಣಸೆ ಬೀಜಗಳಿದ್ದವು. ಅವನು ಅವನ್ನು ನೋಡಿದ, ಸಂಕಣ್ಣನನ್ನು ನೋಡಿದ, ಮತ್ತೆ ಅವನ್ನು ನೋಡಿದ. ಬೀಜಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

"ಏರಿಗೆ ಏನು ಮಾಡಲಿ?" ಎಂದ. ದನಿ ಬೇರೆಯಾಗಿತ್ತು. "ದೊರೆಗೆ ಏನು ಹೇಳಲಿ?"

ಅಜ್ಜಯ್ಯ ಸಂಕಣ್ಣನ ಕಡೆ ನೋಡಿದರು. ಸಂಕಣ್ಣ ಕವಡೆಗಳನ್ನು ಮುಂದೆ ತಂದ.

"ಒಡೆಯಾ, ದಿನಾ ಮೂವತ್ತು ಮೂಟೆ ಉಪ್ಪು ಹೊಳೆ ದಾಟುತ್ತೆ. ಎತ್ತುಗಳು ಈಜ್ತವೆ, ಮೂಟೆ ದೋಣಿಯಲ್ಲಿ ಬರುತ್ತೆ. ಮೂಟೆಗೆ ಈಗ ಒಂದು ಕಾಸು. ಅದನ್ನು ಆರು ಮಾಡಿ. ಉಪ್ಪನ್ನ ಕಲ್ಲುಸಾಲಲ್ಲಿ ಹೊರೋಕಾಗಲ್ಲ. ಒಂದು ಸಲ ಕಾಲು ಜಾರಿದರೆ ಮೂಟೆಯೇ ಕರಗಿಹೋಗುತ್ತೆ. ಸುತ್ತು ದಾರಿ ನಾಲ್ಕು ದಿನದ್ದು, ಎತ್ತಿನ ಮೇವಿನ ಖರ್ಚೇ ಹೆಚ್ಚು. ಆದರೂ ನಾಲ್ಕೈದು ಮೂಟೆ ತಪ್ಪಬಹುದು. ನೂರಿಪ್ಪತ್ತರಿಂದ ನೂರೈವತ್ತು ಹೆಚ್ಚು ಬರುತ್ತೆ."

"ಉಪ್ಪಿನವರು ಬಾಯಿ ಬಡಿದುಕೊಳ್ಳೋದಿಲ್ಲವಾ?"

"ಬಡಿದುಕೊಳ್ಳೋದಿಲ್ಲ. ಉಪ್ಪಿನ ಬೆಲೆ ಏರಿಸ್ತಾರೆ. ಕೊಡೋರು ನಾವೆಲ್ಲರೂ. ನೀವೂ, ನಾನೂ, ನನ್ನಕ್ಕನೂ. ದಿನಕ್ಕೊಂದು ಚಿಟಿಕೆ ಉಪ್ಪಿನಷ್ಟು. ಬಡವರಿಗೆ ಅದೂ ಭಾರವೇ. ಅದನ್ನೂ ಲೆಕ್ಕದಲ್ಲಿ ಬರೆದಿದ್ದೀನಿ, ಮುಚ್ಚಿಟ್ಟಿಲ್ಲ."

ಹೆಗ್ಗಡೆ ಮೂರು ಬೀಜಗಳನ್ನೂ ಎತ್ತಿದ ಜಾಗದಲ್ಲೇ ಒಂದೊಂದಾಗಿ ಇಟ್ಟ. ಇಟ್ಟ ಮೇಲೆ ಅವನಿಗೆ ತಾನು ಹೆಗ್ಗಡೆ ಎಂಬುದು ನೆನಪಾಯಿತು. ಮೀಸೆ ತೀಡಿಕೊಂಡ.

"ದೊರೆಯ ಮುಂದೆ ಇಡ್ತೀನಿ. ಒಪ್ಪೋದು ಬಿಡೋದು ಅವರಿಗೆ ಸೇರಿದ್ದು. ಉಪ್ಪಿನ ಲೆಕ್ಕ ತಪ್ಪಾಯಿತೋ, ಗಾಣ ಇನ್ನೂ ಅಲ್ಲೇ ಇದೆ, ಗೊತ್ತಿರಲಿ."

ಆಳುಗಳ ಜೊತೆ ಹೊರಟುಹೋದ.

ಆಮೇಲಿನ ಒಂಬತ್ತು ದಿನ ಸಂಕಣ್ಣ ಬದುಕಿದ್ದೇ ಹೆಚ್ಚು. ದಿನಾ ಬೆಳಿಗ್ಗೆ ಕಲ್ಲುಸಾಲಿಗೆ ಹೋಗಿ ನೀರು ನೋಡುತ್ತಿದ್ದ. ಮೊದಲ ದಿನ ಮೊಣಕಾಲು. ಐದನೇ ದಿನ ತೊಡೆ. ಎಂಟನೇ ದಿನ ಅವನ ಅಕ್ಕ ಗುರುತು ಮಾಡಿಕೊಂಡಿದ್ದ ಬಂಡೆಗಳಲ್ಲಿ ನಾಲ್ಕು ಕಾಣಲಿಲ್ಲ. ಕೆಂಪು ನೀರು ಅವುಗಳ ಮೇಲೆ ಗುಡ್ಡೆಗಟ್ಟಿ ಹರಿಯುತ್ತಿತ್ತು.

ಒಂಬತ್ತನೇ ದಿನ ಮಧ್ಯಾಹ್ನ ಡಂಗುರದ ಸದ್ದು ಬಂತು. ಗಾಳಿ ಅಡ್ಡ ಬೀಸುತ್ತಿದ್ದರಿಂದ ಮಾತು ಕೇಳಿಸಲಿಲ್ಲ, ಬರೀ ತಮಟೆ. ಸಂಕಣ್ಣ ಎದ್ದುಬಿದ್ದು ದೋಣಿಕಟ್ಟೆಗೆ ಓಡಿದ. ದಾರಿಯಲ್ಲಿ ಎರಡು ಸಲ ಬಿದ್ದ. ಸಾರುವವನ ಮುಂದೆ ನಿಂತು ಏದುಸಿರು ಬಿಡುತ್ತ ಕೇಳಿಸಿಕೊಂಡ.

ಉಪ್ಪಿನ ಮೂಟೆಗೆ ಆರು ಕಾಸು. ಆಳಿಗೆ ಮುಂಚಿನ ಹಾಗೆ ಒಂದೇ ಕಾಸು.

ಅವನು ಅಲ್ಲೇ ನೆಲದ ಮೇಲೆ ಕೂತು ಎರಡು ಕೈಯಿಂದಲೂ ಮಣ್ಣು ಹಿಡಿದುಕೊಂಡ.

ಮುಂಗಾರು ಜೋರಾಯಿತು. ಎರಡು ತಿಂಗಳು ಕಳೆದವು. ಕಲ್ಲುಸಾಲು ಪೂರ್ತಿ ಮುಳುಗಿತು. ಕೆರೆಯ ಏರಿ ನಿಂತಿತು. ಮಠದ ಅಂಬಲಿ ಮಾತ್ರ ಸಪ್ಪೆಯಾಯಿತು. ಉಪ್ಪಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ ಎಂದು ನಿಂಗವ್ವ ದಿನಾ ಗೊಣಗುತ್ತ ಒಂದು ಚಿಟಿಕೆ ಕಡಿಮೆ ಹಾಕುತ್ತಿದ್ದಳು. ಯಾರ ಲೆಕ್ಕದಿಂದ ಹೀಗಾಯಿತು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಂಕಣ್ಣನ ಬಟ್ಟಲಿಗೆ ಎರಡು ಚಿಟಿಕೆ ಕಡಿಮೆ.

ಒಂದು ಸಂಜೆ ಅವನು ಅಜ್ಜಯ್ಯನವರ ಜೊತೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ಮಡಿಲಲ್ಲಿ ಎಂಟು ಹುಣಸೆ ಬೀಜಗಳಿದ್ದವು. ಆವತ್ತಿನಿಂದ ಅವನ್ನು ಸೊಂಟದಲ್ಲಿ ಕಟ್ಟಿಕೊಂಡೇ ತಿರುಗುತ್ತಿದ್ದ.

"ಅಜ್ಜಯ್ಯಾ, ಹೆಗ್ಗಡೆ ದಾರಿಯಲ್ಲಿ ಸಿಕ್ಕಿದ್ದ."

"ಏನಂದ?"

"ನಕ್ಕುಬಿಟ್ಟ. 'ಎಂಟು ಜನ ಸಾಯ್ತಾರೆ ಅಂದೆಯಲ್ಲಯ್ಯಾ, ಒಬ್ಬನೂ ಸಾಯಲಿಲ್ಲವಲ್ಲ' ಅಂದ."

ಅಜ್ಜಯ್ಯ ಅವನ ಮಡಿಲಿನಿಂದ ಒಂದು ಬೀಜ ಎತ್ತಿದರು. ಸಂಕಣ್ಣ ಮುಂದುವರಿಸಿದ.

"ಉಪ್ಪಿನ ಲೆಕ್ಕ ಸರಿ ಬಂತು, ಅದನ್ನು ಎಣಿಸಿ ನೋಡಿದರು. ಈ ಎಂಟರ ಲೆಕ್ಕ ಸರಿಯೋ ತಪ್ಪೋ, ಯಾರಿಗೂ ಗೊತ್ತಾಗೋದೇ ಇಲ್ಲ. ಸುಂಕ ಬೀಳಲಿಲ್ಲ, ಯಾರೂ ಮುಳುಗಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಸಾಕು, ಆ ಬಳೆಗಾರ್ತಿಯ ಬುಟ್ಟಿ ತೇಲಿಬಂದ ಹಾಗಾಗುತ್ತೆ. ಇಲ್ಲದ್ದಕ್ಕೆ ಹೆದರಿದೆನಾ ನಾನು? ನನ್ನ ಲೆಕ್ಕ ಸರಿ ಅಂತ ನನಗೆ ಹೇಗೆ ಗೊತ್ತಾಗಬೇಕು, ಅಜ್ಜಯ್ಯಾ?"

ಆಚೆ ದಡದಿಂದ ಬೊಮ್ಮನ ದೋಣಿ ಬರುತ್ತಿತ್ತು. ಪೇಟೆ ಮುಗಿಸಿ ಬರುವವರು ತುಂಬಿದ್ದರು. ಕಾಳವ್ವ ಖಾಲಿ ಗಡಿಗೆ ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಮುಂದೆ ಕೂತ ದ್ಯಾವವ್ವ, ಒಂದು ಕಾಸಿಗೆ ಇಷ್ಟು ನಿಧಾನಾನಾ, ಈಜಿಕೊಂಡೇ ಬೇಗ ಬರ್ತಿದ್ದೆ ಎಂದು ಬೊಮ್ಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಅವಳ ದನಿ ನೀರಿನ ಮೇಲೆ ಇಲ್ಲಿಯವರೆಗೂ ಬರುತ್ತಿತ್ತು.

ಅಜ್ಜಯ್ಯ ಕೋಲೂರಿ ಎದ್ದರು.

"ದೋಣಿ ಬಂತು," ಎಂದರು. "ಹೋಗು, ಇಳಿಯೋರನ್ನ ಎಣಿಸು."